ಕ್ರೂಸ್ ಹಡಗಿನ ‘ಫೋಟೋ ಟೂರ್’ಗೆ ಮುಂಗಡ ಕೊಡುವ ಮೊದಲು: ಕಾಸರಗೋಡಿನವರಿಗೆ ಎಚ್ಚರಿಕೆ

ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಾಹೀರಾತು ತಿರುಗುತ್ತಿದೆ. ಕೊಚ್ಚಿಗೆ ಬರುವ ದೈತ್ಯ ಕ್ರೂಸ್ ಹಡಗಿನ ಫೋಟೋವನ್ನು ಬೋಟಿನಲ್ಲಿ ಹತ್ತಿರ ಹೋಗಿ ತೆಗೆಯಬಹುದು, ಮೇಲಿಂದ ಡ್ರೋನ್ ಶಾಟ್ ಇದೆ, ಒಳಗೂ ಒಂದು ಸುತ್ತು ಬರಬಹುದು. ತಲೆಗೆ 4,500 ರೂಪಾಯಿ, ಪೂರ್ತಿ ಮುಂಗಡ. ಇದನ್ನು ನಂಬಿ ಹೋದ ಒಂದು ಗುಂಪಿಗೆ ಸಿಕ್ಕಿದ್ದು ಆಗಲೇ ಧಕ್ಕೆಗೆ ಕಟ್ಟಿ ನಿಂತ ಹಡಗು, ಪೊಲೀಸರ ವಿಚಾರಣೆ, ಕೈಬಿಟ್ಟುಹೋದ ಒಂದು ಡ್ರೋನ್. ಹಣ ವಾಪಸ್ ಬಂದಿಲ್ಲ. ಎಲ್ಲೆಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ. ಹಡಗಿನ ಫೋಟೋದ ಆಸೆ ಒಳ್ಳೆಯ ಆಸೆ. ಅದಕ್ಕೆ ಇಷ್ಟು ದುಡ್ಡೂ ಬೇಡ, ಈ ಅಪಾಯವೂ ಬೇಡ.

ಮೊದಲ ಮೋಸ ಚಿತ್ರದಲ್ಲೇ ಇತ್ತು. ಜಾಹೀರಾತಿನಲ್ಲಿ ಹಾಕಿದ್ದು ‘ಐಕಾನ್ ಆಫ್ ದ ಸೀಸ್’ ಹಡಗಿನ ಫೋಟೋ. 365 ಮೀಟರ್ ಉದ್ದ, 20 ಡೆಕ್, 2,48,663 ಗ್ರಾಸ್ ಟನ್. 2024ರ ಜನವರಿಯಲ್ಲಿ ಯಾನ ಶುರುಮಾಡಿದ ಆ ಹಡಗು ಮಯಾಮಿಯಿಂದ ಕೆರಿಬಿಯನ್ ಕಡಲಿಗೆ ಹೋಗಿಬರುತ್ತದೆ, ಕೊಚ್ಚಿಗಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದೇಶೀ ಯಾನ ಮಾಡಿದ ‘ಎಂಪ್ರೆಸ್’ 1990ರಲ್ಲಿ ಕಟ್ಟಿದ್ದು, 48,563 ಗ್ರಾಸ್ ಟನ್, 211 ಮೀಟರ್. 2023ರ ಕೊನೆಗೆ ಇಲ್ಲಿ ಯಾನ ಮಾಡಿದ ‘ಕೋಸ್ಟಾ ಸೆರೆನಾ’ 290 ಮೀಟರ್. ಇವೂ ನೋಡಿದರೆ ಬೆರಗಾಗುವಂಥ ಹಡಗುಗಳೇ, ಆದರೆ ಜಾಹೀರಾತಿನ ಹಡಗು ಅಲ್ಲ. (ಗ್ರಾಸ್ ಟನ್ ಎಂದರೆ ತೂಕವಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ‘ಎರಡೂವರೆ ಲಕ್ಷ ಟನ್ ಭಾರ’ ಎಂದು ಬರೆದವರಿಗೆ ಹಡಗಿನ ಪರಿಚಯ ಇಲ್ಲ ಎಂದೇ ತಿಳಿಯಿರಿ.)

ಟೂರ್ ಮಾರುವವರ ಹತ್ತಿರ ಹಡಗಿನ ಹೆಸರಿನ ಜೊತೆಗೆ ಐಎಂಒ ನಂಬರ್ (ಪ್ರತಿ ಹಡಗಿಗೂ ಇರುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಕೇಳಿ. ಏಳು ಅಂಕಿಯ ಈ ನಂಬರ್ ಹಡಗು ಇರುವಷ್ಟು ಕಾಲ ಬದಲಾಗುವುದಿಲ್ಲ. ಹೆಸರು ಬದಲಾಗುತ್ತದೆ: ಮೇಲೆ ಹೇಳಿದ ಎಂಪ್ರೆಸ್ ಹುಟ್ಟುವಾಗ ‘ನಾರ್ಡಿಕ್ ಎಂಪ್ರೆಸ್’. ನಂಬರನ್ನು ಹಡಗು ತೋರಿಸುವ ಯಾವುದೇ ಆ್ಯಪ್‌ನಲ್ಲಿ ಹಾಕಿದರೆ ಹಡಗು ಈಗ ಎಲ್ಲಿದೆ, ಮುಂದಿನ ಬಂದರು ಯಾವುದು ಎಂದು ಕಾಣುತ್ತದೆ. ಕೊಚ್ಚಿ ಬಂದರಿನ ಕೋಡ್ INCOK, ನವಮಂಗಳೂರಿನದ್ದು INNML; ಅದೇ ಇದೆಯೇ ಎಂದು ನೋಡಿಕೊಳ್ಳಿ. ನಂಬರ್ ಕೊಡದವರಿಗೆ ದುಡ್ಡು ಕೊಡಬೇಡಿ.

ಇನ್ನು ಸಮಯ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಬಂದರಿನ ಪಟ್ಟಿಯಲ್ಲಿ ಎಂಟು ಗಂಟೆ ಎಂದಿತ್ತು, ಗುಂಪನ್ನು ಎಂಟಕ್ಕೆ ಫೋರ್ಟ್ ಕೊಚ್ಚಿಯ ದಡದಲ್ಲಿ ನಿಲ್ಲಿಸಿದರು. ಎಂಟು ಗಂಟೆ ಎಂದರೆ ಹಡಗು ಧಕ್ಕೆಗೆ ಕಟ್ಟುವ ಹೊತ್ತು. ಅದಕ್ಕೆ ಮೊದಲು ಹೊರಗಡಲಲ್ಲಿ ಪೈಲಟ್ (ಬಂದರಿನೊಳಗೆ ದಾರಿ ತೋರಿಸುವವರು) ಹತ್ತಬೇಕು, ಅಳಿವೆಯ ಚಾನೆಲ್ ದಾಟಬೇಕು, ಎಳೆಯುವ ಟಗ್ ಬೋಟುಗಳ ಜೊತೆ ನಿಧಾನವಾಗಿ ತಿರುಗಬೇಕು. ಫೋರ್ಟ್ ಕೊಚ್ಚಿಯ ಎದುರು ಹಾದುಹೋಗುವ ಆ ಹೊತ್ತೇ ಫೋಟೋದ ಹೊತ್ತು, ಅದು ಮುಗಿದುಹೋಗಿತ್ತು. ಪಟ್ಟಿಯ ಸಮಯಕ್ಕಿಂತ ಎರಡು ಗಂಟೆ ಮೊದಲೇ ದಡದಲ್ಲಿರಬೇಕು. ಆ್ಯಪ್‌ನಲ್ಲಿ ಕಾಣುವ ಇಟಿಎ, ಅಂದರೆ ಹಡಗು ತಲಪುವ ಅಂದಾಜು ಸಮಯ, ಇನ್ನೊಂದು ಗೊಂದಲ. ಹಡಗು ಅದನ್ನು ಕಳಿಸುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ನಮ್ಮ ಸಮಯ ತಿಳಿಯಲು ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು: 00:30 ಎಂದಿದ್ದರೆ ನಮಗೆ ಬೆಳಿಗ್ಗೆ 6. ಕೆಲವು ಆ್ಯಪ್‌ಗಳು ತಾವೇ ಬದಲಿಸಿ ತೋರಿಸುತ್ತವೆ, ಕೆಲವು ಇಲ್ಲ. ಸೆಟ್ಟಿಂಗ್ಸ್ ತೆರೆದು ನೋಡಿ. ಮೇಲಾಗಿ ಆ ಇಟಿಎಯನ್ನು ಹಡಗಿನವರು ಕೈಯಲ್ಲಿ ತುಂಬುತ್ತಾರೆ, ಹಿಂದಿನ ಬಂದರಿನದ್ದೇ ಉಳಿದಿರುವುದೂ ಉಂಟು. ನಂಬಬೇಕಾದದ್ದು ಹಡಗಿನ ಈಗಿನ ಜಾಗ ಮತ್ತು ವೇಗವನ್ನು. 40 ನಾಟಿಕಲ್ ಮೈಲು ದೂರದಲ್ಲಿದ್ದು 16 ನಾಟ್ (ಗಂಟೆಗೆ 16 ನಾಟಿಕಲ್ ಮೈಲು) ವೇಗದಲ್ಲಿ ಬರುತ್ತಿದ್ದರೆ ಎರಡೂವರೆ ಗಂಟೆ; ಲೆಕ್ಕ ಅಷ್ಟೇ.

ಜಾಗದ ವಿಷಯಕ್ಕೆ ಬಂದರೆ, ಬೋಟು ಯಾಕೆ ಬೇಡ ಎಂಬುದು ತಾನೇ ಗೊತ್ತಾಗುತ್ತದೆ. ಫೋರ್ಟ್ ಕೊಚ್ಚಿ ಮತ್ತು ವೈಪಿನ್ ನಡುವಿನ ಅಳಿವೆ ಅಗಲ ಅರ್ಧ ಕಿಲೋಮೀಟರಿನ ಆಸುಪಾಸು. ಹಡಗು ನಿಮ್ಮಿಂದ ಮುನ್ನೂರು ಮೀಟರಿನೊಳಗೆ ಹಾದುಹೋಗುತ್ತದೆ. ಬೇಕಾದ ಲೆನ್ಸಿನ ಲೆಕ್ಕ ಹೀಗೆ: ಸೆನ್ಸರಿನ ಅಗಲವನ್ನು ದೂರದಿಂದ ಗುಣಿಸಿ, ಹಡಗಿನ ಉದ್ದದಿಂದ ಭಾಗಿಸಿ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಹಡಗು 290 ಮೀಟರ್, ದೂರ 300 ಮೀಟರ್ ಎಂದರೆ 37 ಮಿ.ಮೀ. ಲೆನ್ಸ್. ಆ ಗುಂಪಿನವರು ಬಾಡಿಗೆಗೆ ತಂದ 150–600 ಮಿ.ಮೀ. ಲೆನ್ಸ್ ಅಲ್ಲಿ ಹೊರೆ ಅಷ್ಟೇ. 24–70 ಇದ್ದರೆ ಸಾಕು, ಒಳ್ಳೆಯ ಮೊಬೈಲೂ ನಡೆಯುತ್ತದೆ. ಅದೇ ಹಡಗನ್ನು ಎರಡು ಕಿಲೋಮೀಟರ್ ದೂರದಿಂದ ತೆಗೆಯುವುದಾದರೆ ಸುಮಾರು 250 ಮಿ.ಮೀ. ಬೇಕು. ಐದು ಕಿಲೋಮೀಟರಿಗೆ 600 ದಾಟುತ್ತದೆ, ಆದರೆ ಬಿಸಿಲು ಏರಿದ ಮೇಲೆ ಕಡಲಿನ ಮೇಲಿನ ಗಾಳಿ ಕುದಿಯುವಂತೆ ನಡುಗಿ ಹಡಗಿನ ಅಂಚುಗಳೆಲ್ಲ ಕಲಸಿಹೋಗುತ್ತವೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ.

ಬೆಳಕನ್ನೂ ನೋಡಿಕೊಳ್ಳಿ. ಕ್ರೂಸ್ ಹಡಗುಗಳು ಬರುವುದು ಹೆಚ್ಚಾಗಿ ಮಳೆಗಾಲ ಕಳೆದ ಮೇಲೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಫೋರ್ಟ್ ಕೊಚ್ಚಿ ಅಳಿವೆಯ ದಕ್ಷಿಣ ದಡ. ಅಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬೆಳಕು ಬೆನ್ನ ಕಡೆಯಿಂದ, ಹಡಗು ಬೆಳ್ಳಗೆ ಹೊಳೆಯುತ್ತದೆ. ವೈಪಿನ್ ಕಡೆಯಿಂದ ತೆಗೆದರೆ ಕಪ್ಪು ನೆರಳು. ಬೇಕಲ ಕೋಟೆಯ ಮೇಲಿಂದ ತೆಗೆಯುವ ಆಸೆ ನಮ್ಮಲ್ಲಿ ಹಲವರಿಗಿದೆ. 30 ಮೀಟರ್ ಎತ್ತರದಿಂದ ದಿಗಂತ ಸುಮಾರು 20 ಕಿಲೋಮೀಟರ್ ದೂರ, ಅಷ್ಟು ದೂರದ ಹಡಗು ಚಿತ್ರದಲ್ಲಿ ಒಂದು ಚುಕ್ಕೆ. ಸಂಜೆಯಾದರೆ ಸೂರ್ಯ ನೇರ ಎದುರು. ಕಾಸರಗೋಡಿನವರಿಗೆ ಹತ್ತಿರದ್ದು ನವಮಂಗಳೂರು ಬಂದರು ಇರುವ ಪಣಂಬೂರು, 60 ಕಿಲೋಮೀಟರಿನ ಆಚೀಚೆ. ಅಲ್ಲಿಯೂ ಬೆಳಗಿನ ಬರುವಿಕೆಯೇ ಒಳ್ಳೆಯದು.

ಬೋಟಿನ ಕಥೆ ಕೇಳಿ. ಕಟ್ಟಿದ ಹಡಗಿನ ಹತ್ತಿರ ಹೋಗಲು ಹೊರಟ ಬಾಡಿಗೆ ಬೋಟನ್ನು ಕರಾವಳಿ ಪೊಲೀಸರು ಅರ್ಧದಲ್ಲೇ ತಡೆದರು, ಒಬ್ಬೊಬ್ಬರ ಗುರುತಿನ ಚೀಟಿ ನೋಡಿದರು, ಫೋಟೋಗಳನ್ನು ಅಳಿಸಿದರು. ತಡೆದದ್ದು ಸರಿಯೇ. ಅಂತರರಾಷ್ಟ್ರೀಯ ಹಡಗು ನಿಲ್ಲುವ ಬಂದರುಗಳಲ್ಲಿ 2004ರ ಜುಲೈಯಿಂದ ಐಎಸ್‌ಪಿಎಸ್ ಎಂಬ, ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ನಿಯಮ ಇದೆ. ಅದಕ್ಕಿಂತ ದೊಡ್ಡದು ಜೀವದ ಮಾತು: ದಡಕ್ಕೆ ಸರಿಯಲು ಹಡಗು ಅಡಿಯ ಥ್ರಸ್ಟರ್ (ಪಕ್ಕಕ್ಕೆ ತಳ್ಳುವ ಪಂಖ) ತಿರುಗಿಸಿದರೆ ನೀರು ಪಕ್ಕಕ್ಕೆ ಹೊಳೆಯಂತೆ ನುಗ್ಗುತ್ತದೆ, ಸಣ್ಣ ಬೋಟು ನಿಲ್ಲುವುದಿಲ್ಲ. ನೀರಿನಿಂದಲೇ ತೆಗೆಯಬೇಕಿದ್ದರೆ ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಹೋಗುವ ಸರ್ಕಾರಿ ಬೋಟು ಹತ್ತಿ. ವಿಲ್ಲಿಂಗ್ಡನ್ ದ್ವೀಪದ ಎರ್ನಾಕುಳಂ ವಾರ್ಫ್ ಎಂಬ ಧಕ್ಕೆಗೆ ಕಟ್ಟಿದ ಹಡಗು ಅದರಿಂದ ಕಾಣುತ್ತದೆ, ಬೆಳಿಗ್ಗೆ ಬಿಸಿಲು ಆ ಪೂರ್ವದ ಬದಿಗೇ ಬೀಳುತ್ತದೆ. ನೌಕಾಪಡೆಯ ಹಡಗುಗಳ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.

ಡ್ರೋನ್ ಹಾರಿಸಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ‘250 ಗ್ರಾಮಿನೊಳಗಿನದಕ್ಕೆ ಅನುಮತಿ ಬೇಡ’ ಎಂದು ಟೂರಿನವನು ಹೇಳಿದ್ದ. 2021ರ ಡ್ರೋನ್ ನಿಯಮದಲ್ಲಿ ಕೆಂಪು ವಲಯ (ಹಾರಾಟಕ್ಕೆ ನಿರ್ಬಂಧ ಇರುವ ಜಾಗ) ಎಂದಿದ್ದರೆ ಗ್ರಾಂ ಲೆಕ್ಕಕ್ಕೆ ಬರುವುದಿಲ್ಲ, ಕೇಂದ್ರ ಸರ್ಕಾರದ ಅನುಮತಿ ಬೇಕೇ ಬೇಕು. ಕೊಚ್ಚಿ ದಕ್ಷಿಣ ನೌಕಾ ಕಮಾಂಡಿನ ನೆಲೆ, ವಿಲ್ಲಿಂಗ್ಡನ್ ದ್ವೀಪದಲ್ಲೇ ನೌಕಾಪಡೆಯ ವಿಮಾನ ನಿಲ್ದಾಣ ಇದೆ. ಈ ನಿಯಮದಡಿ ದಂಡವೇ ಒಂದು ಲಕ್ಷದವರೆಗೆ ಬೀಳಬಹುದು, ಬೇರೆ ಕಾನೂನಿನ ಕೇಸು ಬೇರೆ. ಹಾರಿಸುವ ಮೊದಲು ಸರ್ಕಾರದ ‘ಡಿಜಿಟಲ್ ಸ್ಕೈ’ ತಾಣದ ವಲಯ ನಕ್ಷೆ ನೋಡಿ.

ಒಳಗೆ ಕರೆದೊಯ್ಯುತ್ತೇವೆ ಎಂಬ ಮಾತು ಶುದ್ಧ ಸುಳ್ಳು. ಪ್ರಯಾಣಿಕರ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ. ಒಳಗಿನ ಸೊಗಸು ನೋಡಬೇಕೆಂದರೆ ಟಿಕೆಟ್ ತೆಗೆದು ಪ್ರಯಾಣ ಮಾಡುವುದೊಂದೇ ದಾರಿ. ಹಾಗೆ ಹೋಗುವವರು ಡ್ರೋನ್ ಮನೆಯಲ್ಲೇ ಬಿಡಿ; ಹೆಚ್ಚಿನ ಕಂಪನಿಗಳು ಅದನ್ನೂ ಇಸ್ತ್ರಿ ಪೆಟ್ಟಿಗೆಯನ್ನೂ ಹತ್ತುವಾಗಲೇ ಇಟ್ಟುಕೊಳ್ಳುತ್ತವೆ. ಎಸಿ ಕೋಣೆಯಿಂದ ಡೆಕ್ಕಿಗೆ ಬಂದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ, ಅರ್ಧ ಗಂಟೆ ಮೊದಲೇ ಬ್ಯಾಗನ್ನು ಬಾಲ್ಕನಿಯಲ್ಲಿಡಿ. ಉಪ್ಪಿನ ಹನಿ ಒಣಗಿದ್ದರೆ ಒಣ ಬಟ್ಟೆಯಲ್ಲಿ ತಿಕ್ಕಬೇಡಿ, ಕೋಟಿಂಗ್ ಗೀರುತ್ತದೆ; ಶುದ್ಧ ನೀರಿನಲ್ಲಿ ತುಸು ಒದ್ದೆ ಮಾಡಿ ಒರೆಸಿ. ಹತ್ತಿದ ಮೇಲೆ ಇಡೀ ಹಡಗಿನ ಫೋಟೋ ಸಿಗುವುದಿಲ್ಲ, ಇಳಿಯುವ ಬಂದರಿನಲ್ಲಿ ದೂರ ನಡೆದು ತೆಗೆಯಬೇಕು.

ಆಗಲೇ ದುಡ್ಡು ಕೊಟ್ಟವರು ಜಾಹೀರಾತು, ಮಾತುಕತೆ, ಯುಪಿಐ ರಸೀದಿಯ ಸ್ಕ್ರೀನ್‌ಶಾಟ್ ಇಂದೇ ತೆಗೆದಿಡಿ. ಗುಂಪಿನಿಂದ ನಿಮ್ಮನ್ನು ತೆಗೆದುಹಾಕಿ ಮೆಸೇಜು ಅಳಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಣ ಹೋಗಿ ಸ್ವಲ್ಪವೇ ಹೊತ್ತಾಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಖಾತೆಯಲ್ಲಿ ಇನ್ನೂ ಇದ್ದರೆ ತಡೆಹಿಡಿಯಲು ಸಾಧ್ಯ. ಟೂರ್ ನಡೆದು ಹೇಳಿದ್ದು ಕೊಡದೇ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ, ಅದಕ್ಕೂ ಬಗ್ಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎಲ್ಲರೂ ಸೇರಿ ದೂರು ಕೊಡಿ.