ಎರಡು ಬೆರಳಿಗೆ ಶೇಕಡಾ 20: ಇಎಸ್‌ಐ ಗಾಯ ಪರಿಹಾರವನ್ನು ಬಳಸಿ ನೋಡಿದ ಮೇಲೆ

ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆ, ಕೊಡುವ ಪರಿಹಾರವನ್ನು ಸರ್ಕಾರದ ಕೃಪೆ ಎಂದು ನೋಡುವವರೇ ಹೆಚ್ಚು. ನಾನು ಅದನ್ನು ದುಡ್ಡು ಕೊಟ್ಟು ಪಡೆದ ಸೇವೆ ಎಂದೇ ಅಳೆಯುತ್ತೇನೆ. 2019ರ ಜುಲೈನಿಂದ ಸಂಬಳದ ಶೇ. 0.75ರಷ್ಟನ್ನು ಕಾರ್ಮಿಕನೂ ಶೇ. 3.25ರಷ್ಟನ್ನು ಮಾಲೀಕನೂ ಕಟ್ಟುತ್ತಾರೆ. ತಿಂಗಳಿಗೆ 15,000 ರೂಪಾಯಿ ದುಡಿಯುವವನ ಹೆಸರಿನಲ್ಲಿ ಪ್ರತಿ ತಿಂಗಳೂ ಸುಮಾರು 600 ರೂಪಾಯಿ ಸಂದಾಯವಾಗುತ್ತದೆ ಎಂದಾಯಿತು. ಇಷ್ಟು ಹಣ ಕಟ್ಟಿಸಿಕೊಂಡ ಸೇವೆ ಆಪತ್ತಿನ ದಿನ ಹೇಗೆ ಕೈಹಿಡಿಯುತ್ತದೆ ಎಂಬುದನ್ನು, 2022ರ ಮಳೆಗಾಲದಲ್ಲಿ ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ (ಲೋಹದ ತಗಡನ್ನು ಯಂತ್ರದಲ್ಲಿ ಒತ್ತಿ ಬಿಡಿಭಾಗ ಮಾಡುವ ಕಡೆ) ನನ್ನ ತಮ್ಮನ ಬಲಗೈಯ ತೋರುಬೆರಳು ಮತ್ತು ನಡುಬೆರಳು ಬುಡದವರೆಗೆ ಹೋದ ಮೇಲೆ, ಹತ್ತಿರದಿಂದ ನೋಡುವಂತಾಯಿತು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸೇವೆ ಅದಕ್ಕಿರುವ ಹೆಸರಿಗಿಂತ ಚೆನ್ನಾಗಿದೆ. ಆದರೆ ಅದರ ಬಾಗಿಲು ತೆರೆಯುವ ಕೀಲಿ ಗಾಯಗೊಂಡವನ ಕೈಯಲ್ಲಿಲ್ಲ, ಮಾಲೀಕನ ಕೈಯಲ್ಲಿದೆ. ಮತ್ತು ಕೊನೆಯಲ್ಲಿ ಬೆರಳಿಗೆ ಬೆಲೆ ಕಟ್ಟುವ ಪಟ್ಟಿ ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಕೀಲಿ ಎಂದು ನಾನು ಹೇಳಿದ್ದು ನಮೂನೆ 12 ಎಂಬ ಅಪಘಾತ ವರದಿಯನ್ನು. ಅಪಘಾತವಾದ 24 ಗಂಟೆಯೊಳಗೆ ಮಾಲೀಕನು ಇದನ್ನು ಸಲ್ಲಿಸಬೇಕು. ಗಾಯ ಗಂಭೀರವಾಗಿದ್ದರೆ ಕೂಡಲೇ ಸಲ್ಲಿಸಬೇಕು. ಯಾವ ಯಂತ್ರ, ಯಾವ ಹೊತ್ತು, ಆ ಹೊತ್ತಿನಲ್ಲಿ ಕಾರ್ಮಿಕ ಮಾಡುತ್ತಿದ್ದ ಕೆಲಸ ಏನು, ಕಂಡವರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಗಾಯ ಕೆಲಸದಿಂದಲೇ ಆದದ್ದು ಎಂದು ಒಪ್ಪಿಕೊಳ್ಳಲು ಇದೇ ಮೊದಲ ಆಧಾರ. ನಮ್ಮ ಪ್ರಕರಣದಲ್ಲಿ ಮೊದಲಿಗೆ ಈ ವರದಿ ಹೋಗಲೇ ಇಲ್ಲ. ತಮ್ಮನನ್ನು ಇಎಸ್‌ಐ ಆಸ್ಪತ್ರೆಗೆ ಒಯ್ಯುವ ಬದಲು ಸೂಪರ್‌ವೈಸರ್ ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆದೊಯ್ದರು. ರಾತ್ರಿ ಒಂಬತ್ತೂವರೆಗೆ ತಮ್ಮನ ಫೋನ್ ಬಂತು: "ಅಣ್ಣ, ಮನೇಲಿ ಬಾಗಿಲ ಸಂದಿಗೆ ಸಿಕ್ಕಿ ಆಯ್ತು ಅಂತ ಡಾಕ್ಟರ್ ಹತ್ರ ಹೇಳು ಅಂತಿದ್ದಾರೆ, ಏನು ಮಾಡ್ಲಿ?"

ನಾನು ಒಂದು ಗ್ಯಾರೇಜಿನಲ್ಲಿ ಲೆಕ್ಕ ಬರೆಯುವವನು, ವಕೀಲನಲ್ಲ. ಆದರೂ ಅಂದು ಹೇಳಿದ ಒಂದು ಮಾತು ಸರಿಯಾಗಿತ್ತೆಂದು ಈಗ ತಿಳಿದಿದೆ: ನಡೆದದ್ದನ್ನೇ ಹೇಳು, ಅದನ್ನೇ ಬರೆಸು. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ವೈದ್ಯರು ಬರೆದ "ಪವರ್ ಪ್ರೆಸ್‌ನಲ್ಲಿ ಕೆಲಸ ಮಾಡುವಾಗ" ಎಂಬ ಮಾತುಗಳೇ ಮುಂದಿನ ಎಲ್ಲ ಕಾಗದಗಳಿಗೂ ಆಧಾರವಾದವು. ಅಲ್ಲಿ ಬಾಗಿಲು ಎಂದು ಬರೆದಿದ್ದರೆ, ಆಮೇಲೆ ಅದನ್ನು ತಿದ್ದಿಸುವ ಹೊತ್ತಿಗೆ ನಮ್ಮ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಮೂರನೆಯ ದಿನ ಕಾರ್ಖಾನೆಯವರು 20,000 ರೂಪಾಯಿ ನಗದನ್ನೂ ಏನೂ ಬರೆಯದ ಒಂದು ಹಾಳೆಯನ್ನೂ ಹಿಡಿದು ಮನೆಗೆ ಬಂದರು. ಸಹಿ ಹಾಕಿದರೆ ಹಣ. ಇಲ್ಲವಾದರೆ, "ಗಾರ್ಡ್ ತೆಗೆದು ಕೆಲಸ ಮಾಡಿದ್ದು ನಿಮ್ಮ ಹುಡುಗನೇ, ಕಾನೂನಿನ ಪ್ರಕಾರ ಅವನಿಗೆ ಏನೂ ಬರುವುದಿಲ್ಲ" ಎಂಬ ಎಚ್ಚರಿಕೆ. ಗಾರ್ಡ್ ಎಂದರೆ ಕೈ ಯಂತ್ರದೊಳಗೆ ಹೋಗದಂತೆ ತಡೆಯುವ ಸುರಕ್ಷತಾ ಸಾಧನ. ಈ ಎಚ್ಚರಿಕೆ ಅರ್ಧ ನಿಜ, ಅದಕ್ಕೇ ಅಪಾಯಕಾರಿ. ಇಎಸ್‌ಐ ಇಲ್ಲದ ಕಡೆ ಅನ್ವಯಿಸುತ್ತಿದ್ದ 1923ರ ಪರಿಹಾರ ಕಾಯ್ದೆಯಲ್ಲಿ, ಸುರಕ್ಷತಾ ಸಾಧನವನ್ನು ಕಾರ್ಮಿಕನೇ ಬೇಕೆಂದು ತೆಗೆದುಹಾಕಿದ್ದರೆ, ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಆಗಿಲ್ಲದ ಪಕ್ಷದಲ್ಲಿ, ಮಾಲೀಕನು ಹೊಣೆಯಿಂದ ಪಾರಾಗಬಹುದಿತ್ತು. ಆದರೆ 1948ರ ಇಎಸ್‌ಐ ಕಾಯ್ದೆಯ 51ಬಿ ಕಲಮು ಹೇಳುತ್ತಿದ್ದುದು ಬೇರೆಯೇ: ಮಾಲೀಕನ ಉದ್ಯೋಗದ ಸಲುವಾಗಿಯೇ ಮಾಡುತ್ತಿದ್ದ ಕೆಲಸವಾದರೆ, ನಿಯಮ ಮೀರಿದ್ದರೂ ಆ ಗಾಯ ಉದ್ಯೋಗದ ಗಾಯವೇ. ಅದರ ಹಿಂದಿನ 51ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸದ ಹೊತ್ತಿನಲ್ಲಿ ಆದ ಅಪಘಾತ ಕೆಲಸದ ಕಾರಣದಿಂದಲೇ ಆದದ್ದೆಂದು, ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ, ಭಾವಿಸಬೇಕೆಂದು ಹೇಳುತ್ತಿತ್ತು. ದಿನದ ಗುರಿ ಮುಟ್ಟಿಸಲು ಗಾರ್ಡ್ ತೆಗೆಸುವವರು ಯಾರು ಎಂಬುದು ಪ್ರೆಸ್ ಶಾಪ್‌ನಲ್ಲಿ ಒಂದು ವಾರ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆ ಚರ್ಚೆ ಇಲ್ಲಿ ಬೇಡ.

ಹಾಳೆಗೆ ಸಹಿ ಹಾಕಲಿಲ್ಲ. ಬದಲಿಗೆ ಅಪಘಾತದ ವಿವರವನ್ನು ಒಂದು ಪುಟದಲ್ಲಿ ಬರೆದು, ಕಾರ್ಖಾನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಅದರ ಪ್ರತಿಯನ್ನು ಇಎಸ್‌ಐ ಶಾಖಾ ಕಚೇರಿಗೆ ಕೊಟ್ಟೆವು. ಗಾಯಗೊಂಡವನ ಪರವಾಗಿ ಬೇರೆಯವರೂ ಹೀಗೆ ತಿಳಿವಳಿಕೆ ಕೊಡಬಹುದೆಂಬ ಅವಕಾಶ ನಿಯಮಗಳಲ್ಲಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಪತ್ರ ತಲುಪಿದ ಐದನೆಯ ದಿನ ನಮೂನೆ 12 ಆನ್‌ಲೈನಿನಲ್ಲಿ ಬಂತು. ಮಾಲೀಕ ವಂತಿಗೆ ಬಾಕಿ ಉಳಿಸಿಕೊಂಡಿದ್ದ ಕಾರಣಕ್ಕೆ ಕಾರ್ಮಿಕನ ಸೌಲಭ್ಯ ತಪ್ಪುವುದಿಲ್ಲ. ನಿಗಮವು ಕಾರ್ಮಿಕನಿಗೆ ಕೊಟ್ಟು ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು. ಹಾಗೆಯೇ ಕಾಯಿಲೆಯ ರಜೆಯ ಭತ್ಯೆಗೆ ಇರುವಂತೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಕೆಲಸದ ಗಾಯಕ್ಕಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕು ಹಕ್ಕೇ. ಈ ಸೇವೆಯ ಅತ್ಯುತ್ತಮ ಗುಣ ಇದು ಎಂದು ನನ್ನ ಎಣಿಕೆ.

ವರದಿ ಬಂದ ಮೇಲಿನ ದಾರಿ ನಾನು ಹೆದರಿದ್ದಕ್ಕಿಂತ ಸಲೀಸಾಗಿತ್ತು. ಮುಂದಿನ ಚಿಕಿತ್ಸೆ, ಎರಡನೆಯ ಶಸ್ತ್ರಕ್ರಿಯೆ, ಬೆರಳಿಲ್ಲದ ಕೈಗೆ ಬಲ ಬರಿಸುವ ವ್ಯಾಯಾಮ, ಇವಕ್ಕೆಲ್ಲ ನಮ್ಮ ಜೇಬಿನಿಂದ ಏನೂ ಹೋಗಲಿಲ್ಲ. ವಿಮಾದಾರನ ಚಿಕಿತ್ಸೆಗೆ ಇಷ್ಟೇ ಖರ್ಚು ಎಂಬ ಮಿತಿ ಈ ಯೋಜನೆಯಲ್ಲಿಲ್ಲ. ಸಾಲಿನಲ್ಲಿ ನಿಲ್ಲಬೇಕಾಯಿತು, ನಿಂತೆವು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯವೆಂದು ದಿನದ ಸರಾಸರಿ ಕೂಲಿಯ ಶೇ. 90 ಸಿಗುತ್ತದೆ, ಭಾನುವಾರವನ್ನೂ ಸೇರಿಸಿ. ತಮ್ಮನ ಸರಾಸರಿ ಕೂಲಿ 500 ರೂಪಾಯಿ. ದಿನಕ್ಕೆ 450ರಂತೆ 84 ದಿನಕ್ಕೆ 37,800 ರೂಪಾಯಿ ಬ್ಯಾಂಕ್ ಖಾತೆಗೆ ಬಂತು. ಇದಕ್ಕೆ ಬೇಕಾದದ್ದು ವೈದ್ಯರ ಪ್ರಮಾಣಪತ್ರಗಳು ನಡುವೆ ಒಂದು ದಿನವೂ ಬಿಟ್ಟುಹೋಗದಂತೆ ಸಾಲಾಗಿರುವುದು, ಅಷ್ಟೆ. ಶಾಖಾ ಕಚೇರಿಯ ಹೊರಗೆ ಚಹದ ಅಂಗಡಿಯ ಬಳಿ ಸಿಕ್ಕ ಒಬ್ಬ ಬ್ರೋಕರು "ಪರ್ಸೆಂಟೇಜ್ ಜಾಸ್ತಿ ಮಾಡಿಸಿಕೊಡ್ತೀನಿ, ಬಂದದ್ದರಲ್ಲಿ ಮೂರರಲ್ಲಿ ಒಂದು ಪಾಲು ನನಗೆ" ಎಂದ. ಅವನ ಮಾತು ಎಷ್ಟು ಟೊಳ್ಳು ಎಂಬುದು, ಶಾಶ್ವತ ನಷ್ಟ ಶೇಕಡಾ ಎಷ್ಟೆಂದು ನಿರ್ಧರಿಸುವ ಮೆಡಿಕಲ್ ಬೋರ್ಡಿನ ಮುಂದೆ ಹೋದಾಗ ಗೊತ್ತಾಯಿತು, ಏಕೆಂದರೆ ಬೆರಳು ತುಂಡಾದ ಪ್ರಕರಣದಲ್ಲಿ ಅಂಕಿ ಮೊದಲೇ ಅಚ್ಚಾಗಿರುತ್ತದೆ.

ಆ ಪಟ್ಟಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ಇಎಸ್‌ಐ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ದೇಹದ ಒಂದೊಂದು ಭಾಗಕ್ಕೂ ಗಳಿಕೆಯ ಸಾಮರ್ಥ್ಯ ಎಷ್ಟು ನಷ್ಟವಾಯಿತೆಂಬ ಶೇಕಡಾವಾರು ಇತ್ತು: ಹೆಬ್ಬೆರಳು ಪೂರ್ತಿ ಹೋದರೆ 30, ಒಂದು ಗೆಣ್ಣು ಹೋದರೆ 20, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7, ಒಂದು ಕೈಯ ಎರಡು ಬೆರಳು ಹೋದರೆ 20, ಮೂರಕ್ಕೆ 30, ನಾಲ್ಕಕ್ಕೆ 50. ಈಗ ಕೂಡಿ ನೋಡಿ. ತೋರುಬೆರಳು ಮತ್ತು ನಡುಬೆರಳು ಬೇರೆ ಬೇರೆಯಾಗಿ 14 ಮತ್ತು 12, ಒಟ್ಟು 26. ಆದರೆ "ಎರಡು ಬೆರಳು" ಎಂಬ ಸಾಲಿಗೆ ಬಂದಾಗ 20. ಉಂಗುರ ಮತ್ತು ಕಿರು ಎರಡೂ ಹೋದವನಿಗೆ 14 ಆಗಬೇಕಾದದ್ದು ಅದೇ ಸಾಲಿನಿಂದ 20 ಆಗುತ್ತದೆ. ಅವನಿಗೆ ಲಾಭ, ನನ್ನ ತಮ್ಮನಿಗೆ ನಷ್ಟ. ಮೇಲಾಗಿ ಬಲಗೈಯಾದರೂ ಎಡಗೈಯಾದರೂ ಪಟ್ಟಿಗೆ ಒಂದೇ. ತೋರುಬೆರಳು ಮತ್ತು ಹೆಬ್ಬೆರಳ ನಡುವೆ ಬಿಡಿಭಾಗ ಹಿಡಿದು ಡೈ ಮೇಲೆ ಇಡುವ ಕೆಲಸವನ್ನೇ ಕಲಿತವನಿಗೂ, ಬಾಯಿಮಾತಿನಲ್ಲಿ ಕೆಲಸ ಮಾಡಿಸುವವನಿಗೂ ಒಂದೇ ಅಂಕಿ. ಬೋರ್ಡಿನ ವೈದ್ಯರು ಕೈಯನ್ನು ತಿರುಗಿಸಿ ನೋಡಿ, ಮಡಚಲು ಹೇಳಿ, ಬರೆದುಕೊಂಡರು. ತಮ್ಮ ಕೇಳಿದ: "ಸರ್, ಈಗ ಪ್ರೆಸ್ ಸದ್ದು ಕೇಳಿದರೆ ಕೈ ತಾನಾಗಿಯೇ ಹಿಂದೆ ಬರುತ್ತೆ. ಅದನ್ನ ಎಲ್ಲಿ ಬರೀತೀರಿ?" ಹಿರಿಯ ವೈದ್ಯರು ಒಂದು ಕ್ಷಣ ಪೆನ್ನು ನಿಲ್ಲಿಸಿ, "ಇದರಲ್ಲಿ ಅದಕ್ಕೆ ಜಾಗ ಇಲ್ಲಪ್ಪ" ಎಂದರು. ಪ್ರಾಮಾಣಿಕ ಉತ್ತರ, ಅವರ ಮೇಲೆ ನನಗೆ ದೂರಿಲ್ಲ.

1923ರ ಕಾಯ್ದೆಯಡಿ ಬಂದ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇರೆ ಬಗೆಯಲ್ಲಿ ಯೋಚಿಸಿತ್ತು. ಎಡಗೈಯನ್ನು ಮೊಣಕೈಯ ಮೇಲಿನವರೆಗೆ ಕಳೆದುಕೊಂಡ ಬಡಗಿ ಒಂದು ಕೈಯಲ್ಲಿ ಬಡಗಿಯ ಕೆಲಸ ಮಾಡಲಾರನಾದ್ದರಿಂದ ಅವನ ನಷ್ಟ ಸಂಪೂರ್ಣ ಎಂದು ಪರಿಹಾರ ನಿರ್ಧರಿಸುವ ಆಯುಕ್ತರು ಹೇಳಿದ್ದನ್ನು, 1976ರಲ್ಲಿ ವರದಿಯಾದ ಆ ತೀರ್ಪು ಎತ್ತಿಹಿಡಿಯಿತು. ಕೈಯ ಬೆಲೆ ಅದು ಮಾಡುವ ಕೆಲಸದಲ್ಲಿದೆ ಎಂಬ ಆ ನೋಟ ಬೋರ್ಡಿನ ಮೇಜಿನ ಮೇಲಿನ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ. ಬೋರ್ಡಿನ ನಿರ್ಧಾರದ ಮೇಲೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ, ಅಥವಾ ಇಎಸ್‌ಐ ನ್ಯಾಯಾಲಯಕ್ಕೆ ಹೋಗುವ ದಾರಿಯೇನೋ ಇದೆ. ನಾವು ಹೋಗಲಿಲ್ಲ, ತಮ್ಮ ಆಗಲೇ ಹೊಸ ಕೆಲಸಕ್ಕೆ ಸೇರಿದ್ದ, ಮತ್ತೆ ರಜೆ ಕೇಳಲು ಅವನಿಗೆ ಮನಸ್ಸಿರಲಿಲ್ಲ.

ಹಾಗಾದರೆ ಸಿಕ್ಕಿದ್ದೆಷ್ಟು? 450ರ ಶೇ. 20 ಎಂದರೆ ದಿನಕ್ಕೆ 90 ರೂಪಾಯಿ, ಮೂವತ್ತು ದಿನದ ತಿಂಗಳಿಗೆ 2,700. ಇದು ಬದುಕಿರುವವರೆಗೆ ಪಿಂಚಣಿಯಂತೆ ಬರುವ ಹಣ. ಬೇರೆಡೆ ದುಡಿಯುತ್ತಿದ್ದರೂ ನಿಲ್ಲುವುದಿಲ್ಲ, ಬೆಲೆಯೇರಿಕೆಗೆ ತಕ್ಕಂತೆ ಆಗಾಗ ಸ್ವಲ್ಪ ಏರಿಸುತ್ತಾರೆ. ಮೊದಲು ಕೇಳಿದಾಗ ನಮ್ಮ ಅಮ್ಮ "ಇಷ್ಟೇನಾ" ಎಂದರು, ನನಗೂ ಹಾಗೆಯೇ ಅನ್ನಿಸಿತ್ತು. ಲೆಕ್ಕದವನಾದ್ದರಿಂದ ಕೂತು ಹೋಲಿಸಿದೆ. ಇಎಸ್‌ಐ ಇಲ್ಲದ ಕಾರ್ಖಾನೆಯಾಗಿದ್ದರೆ ಪರಿಹಾರ ಕಾಯ್ದೆಯ ಸೂತ್ರ ಹೀಗೆ: ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಿ, ಅದರಲ್ಲಿ ನಷ್ಟದ ಶೇಕಡಾವಾರು. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000. ಮೂವತ್ತು ವಯಸ್ಸಿನ ಗುಣಕ 207.98. ಹೀಗಾಗಿ 9,000ವನ್ನು 207.98ರಿಂದ ಗುಣಿಸಿದರೆ 18,71,820, ಅದರ ಶೇ. 20 ಎಂದರೆ 3,74,364 ರೂಪಾಯಿ, ಒಂದೇ ಗಂಟಿನಲ್ಲಿ. ತಿಂಗಳಿಗೆ 2,700ರಂತೆ ಅಷ್ಟು ಹಣ ಬರಲು ಸುಮಾರು ಹನ್ನೊಂದೂವರೆ ವರ್ಷ ಬೇಕು. ಮೂವತ್ತರ ತಮ್ಮನಿಗೆ ಅದರಾಚೆಗೂ ಬರುತ್ತಲೇ ಇರುತ್ತದೆ. ಗಂಟು ಸಿಕ್ಕಿದ್ದರೆ ಅದು ಊರಿನ ಮನೆಯ ಸಾಲಕ್ಕೆ ಹೋಗಿ ಎರಡು ವರ್ಷದಲ್ಲಿ ಖಾಲಿಯಾಗಿರುತ್ತಿತ್ತು ಎಂಬುದನ್ನು ತಮ್ಮನೇ ಒಪ್ಪುತ್ತಾನೆ. ಆದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿರುವವನು ಅದೇ ಗಾಯಕ್ಕೆ ಮಾಲೀಕನಿಂದ ಬೇರೆ ಪರಿಹಾರ ಕೇಳುವಂತಿಲ್ಲ ಎಂದು 53ನೆಯ ಕಲಮು ತಡೆಹಾಕಿತ್ತು.

ಇಎಸ್‌ಐ ಇಲ್ಲದವರು ಹಿಡಿಯಬೇಕಾದ ಆ ಇನ್ನೊಂದು ದಾರಿಯನ್ನು ನಾನು ಸ್ವತಃ ನಡೆದಿಲ್ಲ, ಆದ್ದರಿಂದ ವಿಮರ್ಶಿಸಲಾರೆ. 1923ರ ಕಾಯ್ದೆಯ ಪ್ರಕಾರ ಆಯುಕ್ತರ ಮುಂದೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, ಹಣ ಒಂದು ತಿಂಗಳು ತಡವಾದರೆ ಶೇ. 12ರ ಬಡ್ಡಿ ಸೇರುತ್ತಿತ್ತು, ಸಕಾರಣವಿಲ್ಲದ ವಿಳಂಬಕ್ಕೆ ಶೇ. 50ರವರೆಗೆ ದಂಡವಿತ್ತು, ಮತ್ತು ಹಕ್ಕು ಬಿಟ್ಟುಕೊಡುತ್ತೇನೆಂದು ಬರೆಸಿಕೊಂಡ ಕರಾರು ಊರ್ಜಿತವಾಗುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಈ ಎರಡೂ ಹಳೆಯ ಕಾಯ್ದೆಗಳ ವಿಷಯ ಅದರೊಳಗೆ ಸೇರಿದೆ. ನಾನು ಹೆಸರಿಸಿದ ಕಲಮುಗಳು ತಮ್ಮನ ಅಪಘಾತದ ಕಾಲದವು. ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತ ಇಎಸ್‌ಐಯವರಿಗೆ 2010ರಿಂದಲೇ ಸೇರಿತ್ತು, ಸಂಹಿತೆ ಅದನ್ನು ಉಳಿದ ಕಾರ್ಮಿಕರಿಗೂ ವಿಸ್ತರಿಸಿದೆ.

ಅಂಕ ಕೊಡುವುದಾದರೆ ಚಿಕಿತ್ಸೆಗೂ ತಾತ್ಕಾಲಿಕ ಭತ್ಯೆಗೂ ಐದರಲ್ಲಿ ನಾಲ್ಕು, ಪಿಂಚಣಿಗೆ ಮೂರೂವರೆ, ಪಟ್ಟಿಗೆ ಒಂದೂವರೆ. ಇನ್ನೊಂದು ಮಾತು ಮಾತ್ರ ಉಳಿದಿದೆ. ಇಎಸ್‌ಐ ವ್ಯಾಪ್ತಿಯ ಸಂಬಳದ ಮಿತಿ 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿತು, ಆಮೇಲೆ ತಮ್ಮನ ಕೂಲಿ ಏರಿದರೂ ಅದು ಅಲ್ಲೇ ನಿಂತಿದೆ. ತಮ್ಮ ಈಗ ಇನ್ನೊಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದಾನೆ, ಸಂಬಳ 20,400. ಮಿತಿ ದಾಟಿದರೂ ಆ ಆರು ತಿಂಗಳ ವಂತಿಗೆ ಅವಧಿ ಮುಗಿಯುವವರೆಗೆ ರಕ್ಷಣೆ ಇರುತ್ತದೆ, ಹಳೆಯ ಗಾಯದ ಪಿಂಚಣಿಗೂ ಧಕ್ಕೆಯಿಲ್ಲ. ಆದರೆ ಆಮೇಲೆ ಅವನಿಗೂ ಅವನ ಹೆಂಡತಿ ಮಕ್ಕಳಿಗೂ ಇಎಸ್‌ಐ ಆಸ್ಪತ್ರೆಯಿಲ್ಲ. ಹೋದ ಭಾನುವಾರ ಊಟಕ್ಕೆ ಬಂದಾಗ ಕೇಳಿದ: "ಅಣ್ಣ, ಈ ಸಲದ ಇನ್‌ಕ್ರಿಮೆಂಟ್ ಬೇಡ ಅಂತ ಹೇಳಿಬಿಡ್ಲಾ?" ಲೆಕ್ಕ ಹಾಕಿ ಹೇಳುತ್ತೇನೆ ಎಂದಿದ್ದೇನೆ, ಇನ್ನೂ ಹೇಳಿಲ್ಲ.