ಬಸ್ಸಿಗೆ ಮೂರು ಅಂಕ, ತಂಗುದಾಣಕ್ಕೆ ಒಂದು: ಬಳ್ಳಾರಿಯ ನಗರ ಸಾರಿಗೆ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ಇಲ್ಲಿನವರೇ ನಗೆಯಾಡುವುದುಂಟು. ತಂಗುದಾಣ ಕಟ್ಟಿಸಿದವರ ಕಿವಿಗೆ ಆ ಮಾತು ಬಿದ್ದಂತಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕೌಲ್ ಬಜಾರ್ ಮತ್ತು ರಾಯಲ್ ವೃತ್ತದ ನಡುವೆ ವಾರಕ್ಕೆ ನಾಲ್ಕೈದು ದಿನ ನಗರ ಬಸ್ಸಿನಲ್ಲಿ ಓಡಾಡಿದ ಮೇಲೆ, ಬಸ್ಸಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ತಂಗುದಾಣಕ್ಕೆ ಒಂದಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು.

ನಾನು ಕಾಯುವ ತಂಗುದಾಣ ಹೊಸದು, ನೋಡಲು ಚೆಂದ. ಚಾವಣಿ ಒಂದೇ ಪದರದ ತಗಡು, ಆಸನ ಉಕ್ಕಿನ ಕೊಳವೆಗಳದ್ದು, ಮುಖ ಪಶ್ಚಿಮಕ್ಕೆ. ಪಾದರಸ 40 ಡಿಗ್ರಿ ದಾಟಿದ ಮಧ್ಯಾಹ್ನ ಆ ತಗಡು ತಾನು ಹೀರಿದ ಕಾವನ್ನು ಕೆಳಗೆ ಕುಳಿತವರ ತಲೆಯ ಮೇಲೆ ಸುರಿಯುತ್ತದೆ. ಮೂರು ಗಂಟೆಯಾದರೆ ಬಿಸಿಲೇ ಒಳಗೆ ಬಂದು ಕೂರುತ್ತದೆ. ಒಮ್ಮೆ ಅಜ್ಜಿಯೊಬ್ಬರು ಆಸನವನ್ನು ಅಂಗೈಯಿಂದ ಮುಟ್ಟಿ ನೋಡಿ, ಸೆರಗು ಮಡಿಸಿ ಹಾಸಿ ಕುಳಿತು, ಅದೂ ತಾಳದೆ ಎದ್ದು ಹತ್ತು ಹೆಜ್ಜೆ ಆಚೆಗಿನ ಬೇವಿನ ಮರದಡಿಗೆ ಬಂದರು. ನಾವೆಲ್ಲ ಅದಾಗಲೇ ಅಲ್ಲಿದ್ದೆವು. ಮರ ನೆರಳು ಕೊಡುವುದಲ್ಲದೆ ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನೂ ತಂಪಾಗಿಸುತ್ತದೆ. ತಗಡಿಗೆ ಆ ವಿದ್ಯೆ ಬಾರದು. ಚಾವಣಿಗೆ ಬಿಳಿ ಬಣ್ಣ ಬಳಿದು, ಅದರಡಿ ಗಾಳಿಯಾಡುವಷ್ಟು ಅಂತರ ಬಿಟ್ಟು ಇನ್ನೊಂದು ಪದರ ಹಾಕಿದ್ದರೂ ಎಷ್ಟೋ ವಾಸಿಯಾಗುತ್ತಿತ್ತು. 2015ರ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ರಾಜ್ಯದ 7 ನಗರಗಳಲ್ಲಿ ಬಳ್ಳಾರಿ ಇಲ್ಲವೆಂಬುದು ನಿಜ, ಆದರೆ ಇದು ಬಣ್ಣದ ಡಬ್ಬಿಯ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಇಲ್ಲಿ ಕಾಯುವ ಮಹಿಳೆಯರು ಹೆಚ್ಚಿದ್ದಾರೆ, ನೆರಳು ಮಾತ್ರ ಹೆಚ್ಚಿಲ್ಲ.

ಬಸ್ಸಿನೊಳಗೆ ಎಂಜಿನ್ ಪಕ್ಕದ ಸೀಟನ್ನು ಬಿಟ್ಟರೆ ಪ್ರಯಾಣ ಸಹನೀಯ.

ಮಳೆಗಾಲದ ಕಥೆ ಬೇರೆ. ಇಲ್ಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ಮೇಲಿನ ಡಾಂಬರೂ ಬಾಯಿಬಿಡುತ್ತದೆ. ನೀರು ನಿಂತರೆ ಗುಂಡಿ ಎಲ್ಲಿದೆಯೆಂಬುದು ಚಾಲಕರ ನೆನಪಿಗೆ ಬಿಟ್ಟದ್ದು. ಸೆಪ್ಟೆಂಬರ್‌ನ ಒಂದು ಸಂಜೆ ಮುಕ್ಕಾಲು ಗಂಟೆಯ ಮಳೆಗೆ ಕೆಳಸೇತುವೆ ತುಂಬಿದಾಗ ಚಾಲಕರು ಸುತ್ತುದಾರಿ ಹಿಡಿದರು. ಕಂಡಕ್ಟರ್ ಒಬ್ಬೊಬ್ಬರನ್ನೂ ವಿಚಾರಿಸಿ ಮನೆಗೆ ಹತ್ತಿರವಾಗುವಲ್ಲಿ ಇಳಿಸಿದರು. ಮೂರು ಅಂಕ ಕೊಟ್ಟಿರುವುದು ಮುಖ್ಯವಾಗಿ ಇದಕ್ಕೇ. ಆದರೆ ಬಿಟ್ಟುಹೋದ ನಿಲ್ದಾಣಗಳಲ್ಲಿ ನೆನೆಯುತ್ತಾ ನಿಂತವರಿಗೆ ಬಸ್ ಬರುವುದಿಲ್ಲವೆಂದು ತಿಳಿಸಲು ಫಲಕವಾಗಲಿ, ಸಂದೇಶವಾಗಲಿ ಇರಲಿಲ್ಲ.

ಮಧ್ಯಾಹ್ನ ಹೊರಡುವವರು ನೇರವಾಗಿ ಬೇವಿನ ಮರದಡಿ ನಿಲ್ಲಬಹುದು. ಚಾಲಕರೂ ಈಗ ತಂಗುದಾಣವನ್ನು ದಾಟಿ ಬಂದು ಅಲ್ಲಿಯೇ ಬಸ್ ನಿಲ್ಲಿಸುತ್ತಾರೆ.