ಗಾಂಧಿ ಬಜಾರ್ ಜಡ್ಜ್ ತಾತನ ಮನೆಯ ಭಾನುವಾರದ ಫ್ರೀ ಕಾನೂನು ಸಲಹೆ: ಐದಕ್ಕೆ ನಾಲ್ಕು ಸ್ಟಾರ್

ಬಾಡಿಗೆ ಅಡ್ವಾನ್ಸು, ಅಣ್ಣತಮ್ಮಂದಿರ ಪಾಲು, ದಾನಪತ್ರ, ಇನ್ಶೂರೆನ್ಸ್ ಕ್ಲೇಮು, ಇಂಥ ತಲೆನೋವು ಹೊತ್ಕೊಂಡು ಓಡಾಡ್ತಿರೋರು ಲಾಯರ್‌ಗೆ ಫೀಸ್ ಕಟ್ಟೋಕೆ ಮುಂಚೆ ಒಂದ್ಸಲ ಇಲ್ಲಿಗೆ ಹೋಗ್ಬನ್ನಿ. ದುಡ್ಡು ತಗೊಳಲ್ಲ, ಹಣ್ಣು ಕಾಯಿನೂ ತಗೊಳಲ್ಲ, ನಾನಿದ್ದಾಗ ಯಾರೋ ಒಬ್ರು ಒಂದು ಚೀಲ ಸೀಬೆಹಣ್ಣು ತಂದಿದ್ರು, ಅದನ್ನ ಅಲ್ಲೇ ಕೂತಿದ್ದ ಜನಕ್ಕೆ ಹಂಚಿಸಿಬಿಟ್ರು. ಹೆಸರು, ಮನೆ ನಂಬರ್ ಎಲ್ಲೂ ಹಾಕ್ಬೇಡಿ ಅಂತ ಮನೆಯವ್ರು ಕೇಳ್ಕೊಂಡಿದಾರೆ ಅದಕ್ಕೆ ಹಾಕ್ತಿಲ್ಲ. ಬೆಂಗಳೂರು ಬಸವನಗುಡಿಯ ಗಾಂಧಿ ಬಜಾರ್ ಹಿಂದಿನ ರಸ್ತೇಲಿ ಹೂವಿನೋರನ್ನ ಕೇಳಿ, ಜಡ್ಜ್ ತಾತನ ಮನೆ ಅಂದ್ರೆ ಕೈ ತೋರಿಸ್ತಾರೆ.

ತಾತ ಈಗಿಲ್ಲ. ಮುನ್ಸೀಫ್ (ಕೆಳಗಿನ ಕೋರ್ಟಿನ ಸಿವಿಲ್ ಜಡ್ಜ್) ಆಗಿ ಸೇರಿ ಜಿಲ್ಲಾ ನ್ಯಾಯಾಧೀಶರಾಗಿ ರಿಟೈರ್ ಆದೋರು. ರಿಟೈರ್ ಆದ ಜಡ್ಜ್‌ಗಳು ತಾವು ಕೊನೇಲಿ ಕೆಲಸ ಮಾಡಿದ ಜಾಗದಲ್ಲಿ ಎರಡು ವರ್ಷ ವಕೀಲಿಕೆ ಮಾಡೋ ಹಾಗಿಲ್ಲ ಅಂತ ವಕೀಲರನ್ನ ನಿಯಂತ್ರಿಸೋ ಬಾರ್ ಕೌನ್ಸಿಲ್ ರೂಲ್ ಇದ್ಯಲ್ಲ, ಆ ಎರಡು ವರ್ಷ ಕಳೆದ್ಮೇಲೂ ಇವ್ರು ಕೋಟು ಹಾಕ್ಲೇ ಇಲ್ವಂತೆ. ಮನೆ ಮುಂದಿನ ಕಾರ್ ಶೆಡ್‌ನಲ್ಲಿ ಒಂದು ಟೇಬಲ್ ನಾಲ್ಕು ಬೆಂಚ್ ಹಾಕಿ ಭಾನುವಾರ ಕೂತ್ಕೊಳೋಕೆ ಶುರು ಮಾಡಿದ್ರು, ಕಾರು ಇವತ್ತಿಗೂ ರೋಡಲ್ಲೇ ನಿಂತಿರುತ್ತೆ. ಶೆಡ್ ಗೋಡೆ ಮೇಲೆ ನಿಟ್ಟೂರು ಶ್ರೀನಿವಾಸರಾಯರ ಫೋಟೋ ಇದೆ, ಮೈಸೂರು ಹೈಕೋರ್ಟ್ ಚೀಫ್ ಜಸ್ಟಿಸ್ ಆಗಿದ್ದೋರು, ಆಮೇಲೆ 1964ರಲ್ಲಿ ಸರ್ಕಾರದ ಭ್ರಷ್ಟಾಚಾರದ ಮೇಲೆ ಕಣ್ಣಿಡೋ ಸೆಂಟ್ರಲ್ ವಿಜಿಲೆನ್ಸ್ ಕಮಿಷನರ್ ಹುದ್ದೆಗೆ ದೇಶದಲ್ಲೇ ಮೊದಲನೆಯೋರು, ನೂರು ವರ್ಷ ಬದುಕಿ 2004ರಲ್ಲಿ ಹೋದ್ರು. ನಮ್ಮ ಅಪ್ಪನಿಗೆ ಅವ್ರು ಅಂದ್ರೆ ದೇವ್ರು ಅಂತ ತಾತನ ಮಗಳು ಹೇಳಿದ್ರು.

ಈಗ ಆ ಟೇಬಲ್ ಹಿಂದೆ ಕೂರೋದು ಆ ಮಗಳೇ, ಅಡ್ವೊಕೇಟ್, ಜೊತೆಗೆ ಇಬ್ರು ಜೂನಿಯರ್‌ಗಳು. ತಾತನ ಉದ್ದ ನೋಟ್‌ಬುಕ್ಕುಗಳು ಇನ್ನೂ ಅಲ್ಲೇ ಇವೆ, ಕೆಂಪು ಲಾಡಿ ಕಟ್ಟಿ ಅಲ್ಮೇರಾದಲ್ಲಿ ಜೋಡಿಸಿಟ್ಟಿದಾರೆ. ಬಂದೋರ ಹೆಸರಿಲ್ಲ ಅದರಲ್ಲಿ, ತಾರೀಖು, ಒಂದು ಸಾಲಿನ ತಕರಾರು, ಪಕ್ಕದ ಕಾಲಂನಲ್ಲಿ ಕೊನೆಗೆ ಏನಾಯ್ತು ಅನ್ನೋದು ಅಷ್ಟೇ. ಮೇಡಂ ಒಂದು ಪುಟ ತೆಗೆದು ತೋರಿಸಿದ್ರು, "ಕಾಂಪೌಂಡ್ ಗೋಡೆ, ಅರ್ಧ ಅಡಿ" ಅಂತ ಒಂದು ಕಡೆ, ಎದುರಿಗೆ "ರಾಜಿ". ಅದರ ಕೆಳಗೆ "ತಾಯಿ ಒಡವೆ, ಮೂವರು ಹೆಣ್ಣುಮಕ್ಕಳು", ಎದುರಿಗೆ ಮತ್ತೆ "ರಾಜಿ". ಆ ಕಾಲಂ ಪೂರ್ತಿ ಹಾಗೇ ಇದೆ ಅಂದ್ಕೊಬೇಡಿ, "ಕೇಳಲಿಲ್ಲ, ಕೋರ್ಟಿಗೆ ಹೋದರು" ಅನ್ನೋದೂ ಬೇಕಾದಷ್ಟಿದೆ.

ನನ್ನ ವಿಷ್ಯ ಮಾಮೂಲಿ ಬೆಂಗಳೂರು ರಾಮಾಯಣ. ಮನೆ ಖಾಲಿ ಮಾಡಿ ತಿಂಗಳುಗಟ್ಲೆ ಆದ್ರೂ ಓನರ್ ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ಇವತ್ತು ನಾಳೆ, ಪೇಂಟಿಂಗು, ನಲ್ಲಿ ರಿಪೇರಿ, ಮಗಳ ಮದುವೆ. ನಾನು ಕತೆ ಶುರು ಮಾಡಿದ ತಕ್ಷಣ ಮೇಡಂ ಕೈ ಅಡ್ಡ ಹಿಡಿದ್ರು, "ಸರ್, ತಾರೀಖು ಮೊದಲು, ಬೇಜಾರು ಆಮೇಲೆ. ಕೀ ಯಾವತ್ತು ಕೊಟ್ರಿ, ಕೊಟ್ಟಿದ್ದಕ್ಕೆ ಏನಿದೆ?" ವಾಟ್ಸಾಪ್‌ನಲ್ಲಿ ಓನರ್ "ಕೀ ಸಿಕ್ತು" ಅಂತ ಹಾಕಿದ್ರು, ಅದನ್ನ ತೋರಿಸಿದೆ, ಬೆಸ್ಕಾಂ ಕೊನೇ ಬಿಲ್ ಕಟ್ಟಿದ್ದೂ ತೋರಿಸಿದೆ. ಆಮೇಲೆ ಅಗ್ರಿಮೆಂಟನ್ನ ಸಾಲು ಸಾಲಾಗಿ ಓದಿದ್ರು ನೋಡಿ, ನಾನು ಅಷ್ಟು ವರ್ಷದಲ್ಲಿ ಒಂದು ಸಲನೂ ಹಾಗೆ ಓದಿರ್ಲಿಲ್ಲ, ಯಾರು ಓದ್ತಾರೆ ಹೇಳಿ.

ಅಲ್ಲಿ ತಿಳ್ಕೊಂಡಿದ್ದು ನಿಮಗೂ ಉಪಯೋಗ ಆಗ್ಬಹುದು. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಇದೆ, ಆದ್ರೆ ಬೆಂಗಳೂರಲ್ಲಿ ವಾಸದ ಮನೆಗೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಇದ್ರೆ ಅದು ಅನ್ವಯನೇ ಆಗಲ್ಲ, ಈಗ ಆ ಬಾಡಿಗೆಗೆ ಬೈಕ್ ನಿಲ್ಲಿಸೋ ಜಾಗನೂ ಸಿಗಲ್ಲ ಬಿಡಿ. ಹಾಗಾಗಿ ನಿಮ್ಮ ಅಗ್ರಿಮೆಂಟ್ ಪೇಪರೇ ನಿಮಗೆ ಗತಿ. ಅಗ್ರಿಮೆಂಟನ್ನ ಹನ್ನೊಂದು ತಿಂಗಳಿಗೇ ಮಾಡೋದು ಯಾಕೆ ಅಂದ್ರೆ ಒಂದು ವರ್ಷ ಮೀರಿದ್ರೆ ರಿಜಿಸ್ಟರ್ ಮಾಡಿಸ್ಬೇಕು, ಆ ಖರ್ಚು ಉಳಿಸೋಕೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಡೆಪಾಸಿಟ್ ಬೇಡ ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೇಲಿ ಇದೆ, ಆದ್ರೆ ಹೆಸರೇ ಹೇಳೋ ಹಾಗೆ ಅದು ಮಾದರಿ ಅಷ್ಟೇ, ಅದನ್ನ ಹಿಡ್ಕೊಂಡು ಓನರ್ ಹತ್ರ ವಾದ ಮಾಡೋಕೆ ಹೋಗ್ಬೇಡಿ ಅಂದ್ರು. "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಬಹುದು ಅಂತ ಇಲ್ಲಿದೆ, ಅದು ಹೋಯ್ತು ಅಂದ್ಕೊಳ್ಳಿ, ಉಳಿದಿದ್ದು ಕೇಳೋಣ." ಜೂನಿಯರ್ ಹುಡುಗ ಒಂದು ಪುಟದ ನೋಟಿಸ್ ಬರೆದುಕೊಟ್ಟ, ಬೈಗುಳ ಇಲ್ಲ, ದಿನ, ಮೊತ್ತ, ಗಡುವು ಅಷ್ಟೇ. ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಂಡೆ. ದುಡ್ಡು ಬಂತು, ಎರಡು ಕಂತಲ್ಲಿ, ಮುಖ ಗಂಟಿಕ್ಕಿಕೊಂಡೇ ಹಾಕಿರ್ತಾರೆ ಆದ್ರೂ ಬಂತು.

ನನಗಿಂತ ಮುಂಚೆ ಕೂತಿದ್ದ ಅಜ್ಜಿ ವಿಷ್ಯ ಮಾತ್ರ ಅಷ್ಟು ಸಲೀಸಲ್ಲ. ಮನೇನ ಮಗನ ಹೆಸರಿಗೆ ಗಿಫ್ಟ್ ಡೀಡ್ ಮಾಡ್ಕೊಟ್ಟಿದಾರೆ, ಈಗ ಊಟಕ್ಕೂ ಲೆಕ್ಕ. ಹಿರಿಯ ನಾಗರಿಕರ ಕಾಯ್ದೆ 2007ರ 23ನೇ ಸೆಕ್ಷನ್‌ನಲ್ಲಿ ಅಂಥ ದಾನಪತ್ರ ರದ್ದು ಮಾಡಿಸೋಕೆ ಅವಕಾಶ ಇದೆ, ಕಂದಾಯ ಇಲಾಖೆ ಅಸಿಸ್ಟೆಂಟ್ ಕಮಿಷನರ್ ಹತ್ರ ಅರ್ಜಿ ಹಾಕ್ಬೇಕು, ಆದ್ರೆ ನೋಡ್ಕೊತೀನಿ ಅನ್ನೋ ಷರತ್ತಿನ ಮೇಲೆ ಕೊಟ್ಟಿದ್ದು ಅಂತ ತೋರಿಸ್ಬೇಕು, ಸುಪ್ರೀಂ ಕೋರ್ಟ್ 2022ರಲ್ಲಿ ಹಾಗೇ ಹೇಳಿದೆ, 2025ರ ಇನ್ನೊಂದು ತೀರ್ಪಲ್ಲಿ ಹಿರಿಯರ ಕಡೆ ಸ್ವಲ್ಪ ಉದಾರವಾಗಿ ನೋಡಿದೆ. ಮೇಡಂ ಡೀಡಲ್ಲಿ ಆ ಒಂದು ಸಾಲಿಗೋಸ್ಕರ ಹುಡುಕಿದ್ರು ಹುಡುಕಿದ್ರು, "ಪ್ರೀತಿ ವಿಶ್ವಾಸದಿಂದ" ಅಂತ ಇತ್ತೇ ಹೊರತು ಷರತ್ತು ಕಾಣ್ಲಿಲ್ಲ. ಆದ್ರೂ ಬಿಡ್ಲಿಲ್ಲ, ಅರ್ಜಿ ಬರೀತೀವಿ, ಮಗನ್ನ ಮುಂದಿನ ವಾರ ಕರ್ಕೊಂಡು ಬನ್ನಿ ಅಜ್ಜಿ ಅಂದ್ರು. ಅಪ್ಪ ಅಮ್ಮ ಆಸ್ತಿ ಬರ್ಕೊಡೋ ಪ್ಲಾನಲ್ಲಿದ್ರೆ ಆ ಒಂದು ಸಾಲು ಸೇರಿಸೋಕೆ ಹೇಳಿ, ನಾಚಿಕೆ ಪಡ್ಬೇಡಿ. ಬೆಂಚ್ ಮೇಲಿದ್ದ ಮೇಷ್ಟ್ರು ಒಬ್ರು ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಗೊಣಗ್ತಿದ್ರು, ಅವರದ್ದೇ ಪಾಲು ವಿಭಾಗದ ಕೇಸ್ ಕೆ.ಜಿ. ರೋಡ್ ಸಿವಿಲ್ ಕೋರ್ಟಲ್ಲಿ ನಡೀತಿದ್ಯಂತೆ.

ಎಲ್ಲಾ ಇಲ್ಲೇ ಮುಗಿಯಲ್ಲ. ಕ್ರಿಮಿನಲ್ ವಿಷ್ಯ ಮುಟ್ಟಲ್ಲ, ಫ್ರೀ ಲಾಯರ್ ಬೇಕು ಅಂದ್ರೆ ಸಿದ್ದಯ್ಯ ರೋಡಿನ ನ್ಯಾಯದೇಗುಲಕ್ಕೆ (ಸರ್ಕಾರಿ ಉಚಿತ ಕಾನೂನು ನೆರವಿನ ಕಚೇರಿ) ಕಳಿಸ್ತಾರೆ ಇಲ್ಲಾಂದ್ರೆ ಕಾನೂನು ನೆರವಿನ ಸಹಾಯವಾಣಿ 15100ಗೆ ಫೋನ್ ಮಾಡಿ ಅಂತಾರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ರೂ ಆ ಸೌಲಭ್ಯ ಇದೆ. ಇನ್ಶೂರೆನ್ಸ್, ಆಸ್ಪತ್ರೆ, ಕರೆಂಟು ನೀರಿನ ತಕರಾರಿಗೆ ರಾಜಿ ಮಾಡಿಸಿ ಬಗೆಹರಿಸೋ ಖಾಯಂ ಲೋಕ ಅದಾಲತ್ ಇದೆ, ಕೋರ್ಟ್ ಫೀಸ್ ಇಲ್ಲ, ಒಂದು ಕೋಟಿವರೆಗಿನ ವಿಷ್ಯ ಹಾಕ್ಬಹುದು, ಆದ್ರೆ ಬೇರೆ ಕೋರ್ಟ್‌ಗೆ ಹೋಗೋಕೆ ಮುಂಚೆನೇ ಹೋಗ್ಬೇಕು.

ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದ್ರೆ ಗುಟ್ಟು ಅನ್ನೋದೇ ಇಲ್ಲ ಅಲ್ಲಿ. ಅಜ್ಜಿ ಕಣ್ಣೀರು ಹಾಕ್ತಿದ್ದಾಗ ನಾವು ಹತ್ತು ಜನ ಕಿವಿ ನಿಮಿರಿಸ್ಕೊಂಡು ಕೂತಿದ್ವಿ, ಒಳಗೆ ರೂಮಿದೆ, ಹೆಣ್ಣುಮಕ್ಕಳನ್ನಾದ್ರೂ ಅಲ್ಲಿ ಮಾತಾಡಿಸ್ಬಹುದು. ಹೇಳ್ದೆ, "ಅಪ್ಪ ಹೀಗೇ ಮಾಡ್ತಿದ್ರು" ಅಂದ್ರು. ಅಪ್ಪ ಮಾಡಿದ್ದೆಲ್ಲ ಹಾಗೇ ಉಳಿಸ್ಬೇಕು ಅಂತೇನಿಲ್ಲ ಮೇಡಂ. ಟೋಕನ್ ಸಿಸ್ಟಮ್ಮೂ ಇಲ್ಲ, ನಡುವೆ ನುಗ್ಗೋರು ನುಗ್ತಾರೆ.

ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಹಬ್ಬದ ಭಾನುವಾರ ಇರಲ್ಲ. ಝೆರಾಕ್ಸ್ ತಗೊಂಡೋಗಿ, ಒರಿಜಿನಲ್ ತೋರಿಸಿ ವಾಪಸ್ ತನ್ನಿ. ಪಾರ್ಕಿಂಗ್ ಮರೆತುಬಿಡಿ, ಕಡಲೆಕಾಯಿ ಪರಿಷೆ ಟೈಮಲ್ಲಂತೂ ಗಾಡಿ ತೆಗೀಲೇಬೇಡಿ, ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡ್ಕೊಂಡು ಹೋಗಿ.